ಅಲ್ಟ್ರಾಸೌಂಡ್ ಸಿಮ್ಯುಲೇಟರ್ ತರಬೇತಿ: ಇತಿಹಾಸ

ಹೊಸ ವೈದ್ಯರು ರೋಗಿಯ ಮೈಮೇಲೆ ಪ್ರೋಬ್ ಇಡುವ ಮೊದಲು ಗೊಂಬೆ, ಜೆಲಟಿನ್ ಗಟ್ಟಿ ಅಥವಾ ಕಂಪ್ಯೂಟರ್ ಚಾಲಿತ ಯಂತ್ರದ ಮೇಲೆ ಸ್ಕ್ಯಾನಿಂಗ್ ಕಲಿಯುವ ಪದ್ಧತಿ. 1990ರ ದಶಕದಲ್ಲಿ ಸ್ಪಷ್ಟ ರೂಪ ಪಡೆದ ಇದು ಪ್ರಸೂತಿ, ಹೃದ್ರೋಗ, ಅರಿವಳಿಕೆ ಮತ್ತು ತುರ್ತು ಚಿಕಿತ್ಸಾ ವಿಭಾಗಗಳಿಗೆ ಹಬ್ಬಿದೆ.

ಎಕ್ಸ್‌ರೇ ತೆಗೆಯುವವರು ಒಬ್ಬರು, ಓದುವವರು ಇನ್ನೊಬ್ಬರು ಆಗಬಹುದು. ಅಲ್ಟ್ರಾಸೌಂಡಿನಲ್ಲಿ ಹುಡುಕುವ ಕೈ ಮತ್ತು ನೋಡುವ ಕಣ್ಣು ಒಟ್ಟೊಟ್ಟಿಗೇ ಕೆಲಸ ಮಾಡಬೇಕು. ಪ್ರೋಬ್ ತುಸು ಓರೆಯಾದರೆ ಪಿತ್ತಕೋಶದ ಕಲ್ಲು ಪರದೆಯಿಂದ ಜಾರಿಹೋಗುತ್ತದೆ. ಪುಸ್ತಕದ ಚಿತ್ರಗಳನ್ನು ಎಷ್ಟು ನೋಡಿದರೂ ಈ ಹಿಡಿತ ಬರುವುದಿಲ್ಲ.

ಗೊಂಬೆಯ ಮೇಲೆ ವೈದ್ಯವಿದ್ಯೆ ಕಲಿಸುವುದು ಹಳೆಯ ರೂಢಿ. ಫ್ರಾನ್ಸಿನ ಸೂಲಗಿತ್ತಿ ಮದಾಮ್ ದು ಕುದ್ರೆ 1759ರಲ್ಲಿ ದೊರೆಯ ಅಪ್ಪಣೆ ಪಡೆದು, ಬಟ್ಟೆಯಿಂದ ಹೊಲಿದ ಹೆರಿಗೆ ಗೊಂಬೆಯೊಡನೆ ಪ್ರಾಂತಗಳನ್ನು ಸುತ್ತಿ ಹಳ್ಳಿಯ ಹೆಂಗಸರಿಗೆ ಪಾಠ ಹೇಳಿದರು. 1960ರಲ್ಲಿ ನಾರ್ವೆಯ ಲೇರ್ಡಾಲ್ ಅವರ ಉಸಿರು ಮರಳಿಸುವ ಅಭ್ಯಾಸದ ಗೊಂಬೆ ರೆಸಸಿ ಆ್ಯನ್, 1968ರಲ್ಲಿ ಮಯಾಮಿಯ ಹೃದ್ರೋಗ ಗೊಂಬೆ ಹಾರ್ವೆ ಬಂದವು. ಅಲ್ಟ್ರಾಸೌಂಡ್ ಮಾತ್ರ ಈ ದಾರಿಗೆ ತಡವಾಗಿ ಬಂತು.

ಗ್ಲಾಸ್ಗೋದ ಇಯಾನ್ ಡೊನಾಲ್ಡ್, ಜಾನ್ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಟ್ಟೆಯ ಗಡ್ಡೆಗಳ ಚಿತ್ರಗಳನ್ನು ಪ್ರಕಟಿಸಿದ ಮೇಲೆ ಬಹುಕಾಲ ಈ ವಿದ್ಯೆ ತಜ್ಞರ ಕೋಣೆಯೊಳಗೇ ಉಳಿಯಿತು. ಹಿರಿಯರ ಪಕ್ಕ ಕುಳಿತು ನೋಡಿ ಕಲಿಯುವುದೇ ತರಬೇತಿ. 1980ರ ದಶಕದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಹರಡಿತು. 1990ರ ದಶಕದಲ್ಲಿ ಅಪಘಾತದ ಗಾಯಾಳುಗಳ ಹೊಟ್ಟೆಯೊಳಗಿನ ರಕ್ತಸ್ರಾವ ಪತ್ತೆಹಚ್ಚುವ ‘ಫಾಸ್ಟ್’ ಪರೀಕ್ಷೆ ತುರ್ತು ವಿಭಾಗಕ್ಕೆ ಕಾಲಿಟ್ಟಿತು. ಕತ್ತಿನ ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ ಹಾಕುವಾಗ ಅಲ್ಟ್ರಾಸೌಂಡ್ ಬಳಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲಿ ಶಿಫಾರಸು ಮಾಡಿತು. ಯಂತ್ರ ಎಲ್ಲರ ಕೈಗೆ ಬಂದ ವೇಗದಲ್ಲಿ ಪಾಠ ಬರಲಿಲ್ಲ. ಆ ಕೊರತೆಯ ಭಾರವನ್ನು ಹೊತ್ತವರು ರೋಗಿಗಳು. ಕಲಿಯುವವರ ಸಲುವಾಗಿ ಒಳಪರೀಕ್ಷೆಯನ್ನು ಮತ್ತೆ ಮಾಡಿಸಿಕೊಂಡ ಹೆಂಗಸರ ಸಂಕಟ ಈ ಇತಿಹಾಸದಲ್ಲಿ ದಾಖಲಾದದ್ದು ಕಡಿಮೆ. ಸಿಮ್ಯುಲೇಟರ್ ಬೇಕೇಬೇಕು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವಿಲ್ಲ.

ಮೊದಲ ಪೀಳಿಗೆಯ ಯಂತ್ರಗಳಲ್ಲಿ ಇಸ್ರೇಲಿನ ಮೆಡ್‌ಸಿಮ್ ಕಂಪನಿಯ ಅಲ್ಟ್ರಾಸಿಮ್ ಮುಖ್ಯವಾದುದು. ನಿಜವಾದ ರೋಗಿಗಳ ಸ್ಕ್ಯಾನ್‌ಗಳನ್ನು ಮೂರು ಆಯಾಮದ ದತ್ತಾಂಶವಾಗಿ ಅದರಲ್ಲಿ ಕೂಡಿಡಲಾಗಿತ್ತು. ಗೊಂಬೆಯ ಮೇಲೆ ಓಡಾಡುವ ಪ್ರೋಬಿನ ಜಾಗ ಮತ್ತು ಓರೆಯನ್ನು ಸಂವೇದಕ ಅಳೆಯುತ್ತದೆ, ಕಂಪ್ಯೂಟರ್ ಅದೇ ಕೋನದ ಸೀಳುಚಿತ್ರವನ್ನು ಪರದೆಗೆ ತರುತ್ತದೆ. ಇಂಥ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿಟ್ಟ ಭಾಗದಿಂದ ಆಚೆ ಹೋದರೆ ತೋರಿಸಲು ಚಿತ್ರವೇ ಇಲ್ಲ. ಈ ಮಿತಿಯನ್ನು ದಾಟಲು ಲಂಡನ್ನಿನಲ್ಲಿ ರೂಪುಗೊಂಡ ಹಾರ್ಟ್‌ವರ್ಕ್ಸ್ ಮಿಡಿಯುವ ಹೃದಯವನ್ನೇ ಕಂಪ್ಯೂಟರಿನಲ್ಲಿ ಕಟ್ಟಿತು. ಅನ್ನನಾಳದ ಮೂಲಕ ಹೃದಯ ನೋಡುವುದನ್ನು ಅರಿವಳಿಕೆ ವೈದ್ಯರು ಅದರಲ್ಲಿ ಅಭ್ಯಾಸ ಮಾಡಿದರು. ವಿಮಾನ ಸಿಮ್ಯುಲೇಟರ್‌ಗಳಿಗೆ ಹೆಸರಾದ ಕೆನಡಾದ ಸಿಎಇ ಕಂಪನಿಯೂ ವಿಮೆಡಿಕ್ಸ್ ಮೂಲಕ ಈ ಕ್ಷೇತ್ರಕ್ಕೆ ಬಂತು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದ ಸ್ಕ್ಯಾನ್‌ಟ್ರೈನರ್ ಗೊಂಬೆಯನ್ನೇ ಕೈಬಿಟ್ಟಿತು. ಅದರ ಹಿಡಿಕೆಯೇ ಅಂಗಾಂಶದ ಪ್ರತಿರೋಧವನ್ನು ಕೈಗೆ ಮುಟ್ಟಿಸುತ್ತದೆ.

ಈ ಕಲಿಕೆಯಿಂದ ರೋಗಿಗೆ ಒಳಿತಾಯಿತೇ ಎಂಬ ಪ್ರಶ್ನೆಗೆ ಬಲವಾದ ಉತ್ತರಗಳಲ್ಲೊಂದು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ 2009ರಲ್ಲಿ ಬಂತು. ಅಲ್ಲಿ ಪಿ.ಜಿ. ವೈದ್ಯರು ಅಲ್ಟ್ರಾಸೌಂಡ್ ನೆರವಿನಿಂದ ಕ್ಯಾತಿಟರ್ ಹಾಕುವುದನ್ನು ಸಿಮ್ಯುಲೇಟರಿನಲ್ಲಿ ಕಲಿತು, ನಿಗದಿತ ಮಟ್ಟ ಮುಟ್ಟಿದ ಮೇಲಷ್ಟೇ ರೋಗಿಯ ಬಳಿ ಹೋದರು. ಒಂದು ಐಸಿಯುವಿನಲ್ಲಿ ಕ್ಯಾತಿಟರ್‌ನಿಂದಾಗುವ ರಕ್ತದ ಸೋಂಕು 1000 ಕ್ಯಾತಿಟರ್ ದಿನಗಳಿಗೆ 3.2ರಿಂದ 0.5ಕ್ಕೆ ಇಳಿಯಿತು. ಡೆನ್ಮಾರ್ಕಿನ ಅಧ್ಯಯನಗಳಲ್ಲಿ, ಸಿಮ್ಯುಲೇಟರಿನಲ್ಲಿ ಪಳಗಿದ ಕಿರಿಯ ವೈದ್ಯರು ಒಳಸ್ಕ್ಯಾನ್ ಮಾಡಿದಾಗ ಹೆಂಗಸರಿಗೆ ಆಗುವ ಕಿರಿಕಿರಿ ಕಡಿಮೆಯಾಯಿತು, ಹಿರಿಯರನ್ನು ಕರೆಯುವ ಪ್ರಸಂಗಗಳೂ ತಗ್ಗಿದವು.

ಭಾರತದಲ್ಲಿ ಸ್ಕ್ಯಾನಿಂಗ್ ಕಲಿಕೆ ಹೆಣ್ಣುಭ್ರೂಣ ಹತ್ಯೆ ತಡೆಯುವ 1994ರ ಕಾಯ್ದೆಯ ಚೌಕಟ್ಟಿನಲ್ಲಿ ನಡೆಯಬೇಕು. ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿಯಾಗಿರಬೇಕು. ಎಂಬಿಬಿಎಸ್ ಓದಿದವರು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನಿಂಗ್ ಮಾಡಲು ಆರು ತಿಂಗಳ, 300 ಗಂಟೆಗಳ ತರಬೇತಿಯನ್ನು 2014ರ ನಿಯಮಗಳು ಗೊತ್ತುಪಡಿಸಿದವು. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದೊಂದಿಗೆ ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಕಡ್ಡಾಯವಾಯಿತು.

ದುಬಾರಿ ಯಂತ್ರ ಕೊಳ್ಳಲಾಗದ ಕಡೆ ಕೈಯಿಂದ ಮಾಡಿದ ಮಾದರಿಗಳು ಚೆನ್ನಾಗಿಯೇ ಕೆಲಸಕ್ಕೆ ಬರುತ್ತವೆ. ಜೆಲಟಿನ್ ಕಾಯಿಸಿ, ಪ್ರತಿಧ್ವನಿಗಾಗಿ ಇಸಬ್‌ಗೋಲ್ ಬೆರೆಸಿ, ರಕ್ತನಾಳದ ಬದಲು ನೀರು ತುಂಬಿದ ರಬ್ಬರ್ ಕೊಳವೆ ಹುದುಗಿಸಿದರೆ ಸೂಜಿಯ ತುದಿಯನ್ನು ಪರದೆಯಲ್ಲಿ ಹಿಂಬಾಲಿಸುವ ಅಭ್ಯಾಸಕ್ಕೆ ಅಷ್ಟು ಸಾಕು. ಕೋಳಿಯ ಎದೆಮಾಂಸದಲ್ಲೂ ಹೀಗೆಯೇ ಕೊಳವೆ ತೂರಿಸಿ ಕಲಿಸುವುದುಂಟು. ಆದರೆ ಕರುಳಿನ ಗಾಳಿ ಅಡ್ಡಬಂದಾಗ ರೋಗಿಯನ್ನು ಮಗ್ಗುಲಾಗಿಸುವುದು, ದಪ್ಪ ಹೊಟ್ಟೆಯ ಮೇಲೆ ಎಷ್ಟು ಒತ್ತಿದರೆ ನೋವಾದೀತೆಂದು ಅಳೆಯುವುದು, ಮಗುವಿನ ಎದೆಬಡಿತ ಕಾಣದಿದ್ದಾಗ ತಾಯಿಗೆ ಏನು ಹೇಳುವುದು ಎಂಬುದನ್ನೆಲ್ಲ ಇಂದಿಗೂ ವಾರ್ಡಿನಲ್ಲಿ ಹಿರಿಯರ ಜೊತೆ ನಿಂತೇ ಕಲಿಯಲಾಗುತ್ತಿದೆ.