ಕ್ರಾಸ್ ಕಂಪೈಲಿಂಗ್‌ನಲ್ಲಿ ಟಾರ್ಗೆಟ್ ಆಯ್ಕೆ

ಒಂದು ಬಗೆಯ ಕಂಪ್ಯೂಟರಿನಲ್ಲಿ ಬೇರೊಂದು ಬಗೆಯ ಪ್ರೊಸೆಸರಿಗಾಗಿ ತಂತ್ರಾಂಶ ಸಿದ್ಧಪಡಿಸುವಾಗ, ಆ ಪ್ರೊಸೆಸರಿನ ವಿವರಗಳನ್ನು ಕಂಪೈಲರಿಗೆ ನಿಗದಿಪಡಿಸುವ ಕ್ರಮ. ಎಂಬೆಡೆಡ್ ಸಾಧನಗಳಲ್ಲಿ ಮೆಮೊರಿ ಕಡಿಮೆ ಇರುವುದರಿಂದ ಅವುಗಳ ತಂತ್ರಾಂಶ ಸಾಮಾನ್ಯವಾಗಿ ಹೀಗೆಯೇ ತಯಾರಾಗುತ್ತದೆ.

ಗಮನಿಸಬೇಕಾದ ಅಂಶಗಳು ಮುಖ್ಯವಾಗಿ ಮೂರು: ಪ್ರೊಸೆಸರಿನ ಆದೇಶಗಣ, ಆಪರೇಟಿಂಗ್ ಸಿಸ್ಟಮ್ ಇದೆಯೇ ಇಲ್ಲವೇ ಎಂಬುದು, ದಶಮಾಂಶ ಲೆಕ್ಕಾಚಾರದ ವಿಧಾನ. ಜಿಸಿಸಿ ಕಂಪೈಲರಿನ 'ಆರ್ಮ್-ನನ್-ಇಎಬಿಐ' ಟಾರ್ಗೆಟ್ ಆಪರೇಟಿಂಗ್ ಸಿಸ್ಟಮ್ ಇಲ್ಲದ ಚಿಪ್‌ಗಳಿಗೆ. 'ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್' ಲಿನಕ್ಸ್ ಇರುವ ಸಾಧನಗಳಿಗೆ. ಎರಡನೆಯದರ ಕೊನೆಯ 'ಎಚ್‌ಎಫ್', ದಶಮಾಂಶ ಸಂಖ್ಯೆಗಳು ಅವುಗಳಿಗೆಂದೇ ಇರುವ ರಿಜಿಸ್ಟರುಗಳ ಮೂಲಕ ಫಂಕ್ಷನ್‌ಗಳಿಗೆ ರವಾನೆಯಾಗುತ್ತವೆ ಎಂದು ಸೂಚಿಸುತ್ತದೆ. ಈ ಪದ್ಧತಿಯ ಕೋಡನ್ನು ಅವುಗಳನ್ನು ಸಾಮಾನ್ಯ ರಿಜಿಸ್ಟರುಗಳ ಮೂಲಕ ರವಾನಿಸುವ 'ಸಾಫ್ಟ್' ಪದ್ಧತಿಯ ಲೈಬ್ರರಿಯೊಂದಿಗೆ ಜೋಡಿಸಲು ಹೊರಟರೆ ಲಿಂಕರ್ ನಿರಾಕರಿಸುತ್ತದೆ.

ಟಾರ್ಗೆಟ್ ಹೆಸರು ಹೊಂದಿದರೂ ಪ್ರೊಸೆಸರಿನ ಪೀಳಿಗೆ ಹೊಂದದಿರಬಹುದು. 2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈಯಲ್ಲಿದ್ದುದು ಆರ್ಮ್ ವಿ6 ಪೀಳಿಗೆಯ ಪ್ರೊಸೆಸರ್. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 'ಆರ್ಮ್‌ಎಚ್‌ಎಫ್' ಆವೃತ್ತಿಗೆ ಕನಿಷ್ಠ ವಿ7 ಬೇಕಿತ್ತು. ಅದಕ್ಕಾಗಿ ಕಂಪೈಲ್ ಮಾಡಿದ ಪ್ರೋಗ್ರಾಮ್ ಪೈಯಲ್ಲಿ 'ಅಕ್ರಮ ಆದೇಶ' ಎಂಬ ದೋಷ ತೋರಿಸಿ ನಿಂತುಬಿಡುತ್ತಿತ್ತು. ಆದ್ದರಿಂದ ಡೆಬಿಯನ್ ಪ್ಯಾಕೇಜುಗಳನ್ನು ವಿ6ಗೆ ಮರುಕಂಪೈಲ್ ಮಾಡಿ ರಾಸ್ಪ್‌ಬಿಯನ್ ರೂಪಿಸಲಾಯಿತು.

ಹಳೆಯ ಪೀಳಿಗೆಯನ್ನು ಟಾರ್ಗೆಟ್ ಮಾಡಿದರೆ ಹೆಚ್ಚು ಸಾಧನಗಳಲ್ಲಿ ಓಡುವ, ಆದರೆ ಹೊಸ ಚಿಪ್‌ನ ಪೂರ್ಣ ಸಾಮರ್ಥ್ಯ ಬಳಸದ ಪ್ರೋಗ್ರಾಮ್ ದೊರೆಯುತ್ತದೆ.