ಸಿಸ್ಟರುಗಳಿಗೆ ಹೆರಿಗೆ ಕೋಣೆಯ ಬಾಗಿಲು ತೆರೆದದ್ದು ಹೇಗೆ?



ನಮ್ಮ ಕಾಸರಗೋಡು ಕಡೆಯ ಧರ್ಮಕೇಂದ್ರಗಳಲ್ಲಿ ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಕೇಳಿಬರುವ ಮಾತೊಂದಿದೆ: “ಮಗಳನ್ನು ನರ್ಸಿಂಗಿಗೆ ಸೇರಿಸ್ತೀರಾ?” ಮಂಗಳೂರಿಗೆ ಹೋಗಿ ಕಲಿತು, ಇಂದು ಊರೂರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಅಕ್ಕಂದಿರು ನಮ್ಮಲ್ಲಿ ಅನೇಕರಿದ್ದಾರೆ. ಹೆರಿಗೆ ವಾರ್ಡಿನಲ್ಲಿ ಧರ್ಮಭಗಿನಿಯರನ್ನು ಕಂಡರೂ ನಮಗೆ ವಿಶೇಷವೆನಿಸುವುದಿಲ್ಲ. ಆದರೆ 1936ಕ್ಕೆ ಮೊದಲು ವ್ರತ ಸ್ವೀಕರಿಸಿದ ಸಿಸ್ಟರೊಬ್ಬರು ವೈದ್ಯೆಯಾಗಿ ಕೆಲಸ ಮಾಡಲು ಅಥವಾ ಹೆರಿಗೆ ಮಾಡಿಸಲು ರೋಮಿನ ವಿಶೇಷ ಅನುಮತಿ ಬೇಕಾಗಿತ್ತು. ಆ ಅನುಮತಿ ಸುಲಭವಾಗಿ ಸಿಗುತ್ತಿರಲಿಲ್ಲ.

ಈ ನಿಯಮದ ಬೇರು ಬಹಳ ಹಳೆಯದು. 1215ರ ಲ್ಯಾಟರನ್ ಮಹಾಸಭೆ ಗುರುಗಳು ಶಸ್ತ್ರಚಿಕಿತ್ಸೆ ಮಾಡಬಾರದೆಂದು ವಿಧಿಸಿತ್ತು. ಮುಂದೆ 1917ರ ಧರ್ಮಸಭೆಯ ಕಾನೂನು ಸಂಹಿತೆಯೂ ಗುರುಗಳಿಗೆ ವೈದ್ಯವೃತ್ತಿಯನ್ನು ನಿರ್ಬಂಧಿಸಿ, ಅದೇ ಕಟ್ಟನ್ನು ಧಾರ್ಮಿಕ ಸಭೆಗಳವರಿಗೂ ಅನ್ವಯಿಸಿತು. ಸಿಸ್ಟರುಗಳ ಮಟ್ಟಿಗೆ ಇನ್ನೊಂದು ಅಂಜಿಕೆಯೂ ಇತ್ತು: ಹೆರಿಗೆಯ ಕೆಲಸ ಅವರ ಬ್ರಹ್ಮಚರ್ಯ ವ್ರತಕ್ಕೆ ತಕ್ಕದ್ದಲ್ಲ ಎಂಬ ಭಾವನೆ. ವ್ರತವನ್ನು ಕಾಪಾಡಬೇಕೆಂಬ ಕಾಳಜಿಯಿಂದಲೇ ಈ ನಿಯಮ ಬಂದಿತ್ತು. ಆದರೆ ಅದರ ಬೆಲೆ ತೆತ್ತವರು ರೋಮಿನಿಂದ ಸಾವಿರಾರು ಮೈಲಿ ದೂರದ ತಾಯಂದಿರು.

ಅಂದಿನ ಉತ್ತರ ಭಾರತದಲ್ಲಿ ಪರದೆಯೊಳಗಿನ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸುತ್ತಿರಲಿಲ್ಲ; ಮನೆಯವರೂ ಒಪ್ಪುತ್ತಿರಲಿಲ್ಲ. ಹೆರಿಗೆ ಕಷ್ಟವಾದರೆ ಸಾವೇ ಗತಿ. ಇದನ್ನು ಅರಿತವರು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್ಲಾರೆನ್. 1837ರಲ್ಲಿ ಹುಟ್ಟಿ, ಅರುವತ್ತರ ಆಸುಪಾಸಿನಲ್ಲಿ ಕಥೋಲಿಕರಾದ ಈಕೆ, ಎಪ್ಪತ್ತು ದಾಟಿದ ಮೇಲೆ ರಾವಲ್ಪಿಂಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆ ತೆರೆಯಲು ಕಾರಣರಾದರು. ಆದರೆ ಅಲ್ಲಿ ವೈದ್ಯೆಯರು ಸಿಗಲಿಲ್ಲ. ಸಿಸ್ಟರುಗಳಿದ್ದರೂ ಅವರ ಕೈ ಕಟ್ಟಿತ್ತು. ಆಗ್ನೆಸ್ ಮತ್ತೆ ಮತ್ತೆ ರೋಮಿನ ಬಾಗಿಲು ತಟ್ಟಿದರು. 1913ರಲ್ಲಿ ತೀರಿಕೊಂಡಾಗಲೂ ನಿಯಮ ಹಾಗೆಯೇ ಇತ್ತು.

ಅವರ ಪತ್ರಗಳು ಮಾತ್ರ ಒಬ್ಬ ಯುವತಿಯ ದಾರಿ ಬದಲಿಸಿದ್ದವು. ಆಸ್ಟ್ರಿಯದ ಟೈರೋಲ್ ಪ್ರಾಂತ್ಯದ ಅನ್ನಾ ಡೆಂಗೆಲ್ ಎಂದೂ ಆಗ್ನೆಸರನ್ನು ಮುಖತಃ ಕಂಡವರಲ್ಲ. ಅವರ ಸಲಹೆಯಂತೆ ಐರ್ಲೆಂಡಿನ ಕಾರ್ಕ್‌ನಲ್ಲಿ ವೈದ್ಯಕೀಯ ಓದಿ, 1919ರಲ್ಲಿ ಪದವಿ ಪಡೆದು, ಮರುವರ್ಷ ರಾವಲ್ಪಿಂಡಿಗೆ ಬಂದರು. ಅನ್ನಾರ ಮನಸ್ಸಿನಲ್ಲಿ ಎರಡು ಕರೆಗಳಿದ್ದವು: ಸನ್ಯಾಸಿನಿಯಾಗಬೇಕು, ವೈದ್ಯೆಯಾಗಿಯೂ ಇರಬೇಕು. ಎರಡರಲ್ಲಿ ಒಂದನ್ನು ಬಿಡು ಎನ್ನುತ್ತಿತ್ತು ನಿಯಮ. ಅನ್ನಾ ಎರಡನ್ನೂ ಬಿಡಲಿಲ್ಲ. 1925ರಲ್ಲಿ ವಾಷಿಂಗ್ಟನ್ ನಗರದಲ್ಲಿ ಇಬ್ಬರು ವೈದ್ಯೆಯರು, ಇಬ್ಬರು ನರ್ಸುಗಳು, ಹೀಗೆ ನಾಲ್ವರು ಸೇರಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಘ ಕಟ್ಟಿದರು. ಸಾರ್ವಜನಿಕ ವ್ರತ ತೆಗೆದುಕೊಳ್ಳುವಂತಿರಲಿಲ್ಲ. ಆದ್ದರಿಂದ ವ್ರತವಿಲ್ಲದೆಯೇ ಸಿಸ್ಟರುಗಳಂತೆ ಬದುಕುತ್ತಾ ಕಾದರು.

ಅದೇ ಕಾಲದಲ್ಲಿ ಆಸ್ಟ್ರೇಲಿಯದ ಡಾ. ಮೇರಿ ಗ್ಲೌರಿ ಆಗ್ನೆಸರ ಕುರಿತ ಕಿರುಹೊತ್ತಗೆಯೊಂದನ್ನು ಓದಿ, ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಜೆ.ಎಂ.ಜೆ. ಸಭೆ ಸೇರಿದರು. ಜಗದ್ಗುರು 15ನೇ ಬೆನೆಡಿಕ್ಟರು ಸಿಸ್ಟರಾಗಿದ್ದುಕೊಂಡೇ ವೈದ್ಯವೃತ್ತಿ ನಡೆಸಲು ಅವರಿಗೆ ವಿಶೇಷ ಅನುಮತಿ ನೀಡಿದರು. ಸಿಸ್ಟರ್ ಮೇರಿ ರೋಗಿಗಳನ್ನು ನೋಡಿದ್ದಷ್ಟೇ ಅಲ್ಲದೆ ಊರಿನ ಹೆಣ್ಮಕ್ಕಳಿಗೂ ನರ್ಸಿಂಗ್, ಹೆರಿಗೆ ಕೆಲಸ ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟಕ್ಕೆ ಅಡಿಪಾಯ ಹಾಕಿದರು. 1957ರಲ್ಲಿ ಅವರು ಕಣ್ಮುಚ್ಚಿದ್ದು ನಮ್ಮ ಬೆಂಗಳೂರಿನಲ್ಲಿ.

ಕೊನೆಗೂ 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ರೋಮ್ ಹೊಸ ಆದೇಶ ಹೊರಡಿಸಿತು. ಮಿಷನ್ ಪ್ರದೇಶಗಳಲ್ಲಿ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಸಿಸ್ಟರುಗಳು ವೈದ್ಯಕೀಯ, ನರ್ಸಿಂಗ್ ಪದವಿಗಳನ್ನು ಪಡೆಯಲಿ, ಹೆರಿಗೆಯ ಸೇವೆಯನ್ನೂ ಮಾಡಲಿ ಎಂದು ಅದು ಪ್ರೋತ್ಸಾಹಿಸಿತು. ನಿನ್ನೆಯವರೆಗೆ ಬೇಡವೆಂದಿದ್ದ ಧರ್ಮಸಭೆಯೇ ಇಂದು ಬನ್ನಿ ಎಂದಿತು.

ಈ ಕಥೆಯನ್ನು ಓದುವಾಗ ವಿಮೋಚನಾಕಾಂಡದ ಸೂಲಗಿತ್ತಿಯರಾದ ಶಿಫ್ರಾ, ಪೂಗಾ ನಮಗೆ ನೆನಪಾಗುತ್ತಾರೆ. ಫರೋಹನ ಆಜ್ಞೆ ಕೊಲ್ಲುವ ಆಜ್ಞೆಯಾಗಿತ್ತು, ಅದಕ್ಕೇ ಅವರು ಅದನ್ನು ಮೀರಿದರು. ಆಗ್ನೆಸ್, ಅನ್ನಾ, ಮೇರಿ ಇವರ ಎದುರಿಗಿದ್ದದ್ದು ಒಳ್ಳೆಯ ಉದ್ದೇಶದ, ಆದರೆ ಕಾಲಕ್ಕೆ ಸಲ್ಲದ ನಿಯಮ. ಅವರು ಸಭೆಯನ್ನು ಬಿಟ್ಟು ಹೋಗಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಕೇಳಿದರು, ಬರೆದರು, ಮತ್ತೆ ಕೇಳಿದರು. ಹಾಗೆಂದು ಆ ತಡವನ್ನು ಹಗುರವಾಗಿ ಕಾಣಲಾಗದು. ಆಗ್ನೆಸ್ ಸತ್ತ ಮೇಲೂ 23 ವರ್ಷ ಕಳೆದವು. ಆ ನಡುವೆ ಕೈಹಿಡಿಯುವವರಿಲ್ಲದೆ ಹೋದ ತಾಯಂದಿರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ನಮ್ಮ ತಂಗಿಯಂದಿರು ನಾಳೆ ನರ್ಸಿಂಗ್ ಕಾಲೇಜು ಸೇರಿದಾಗ ಅಲ್ಲಿಯೂ ನೂರು ನಿಯಮಗಳಿರುತ್ತವೆ. ಕೆಲವು ರೋಗಿಯ ಜೀವ ಉಳಿಸುವಂಥವು, ಕೆಲವು ಬರೀ ರೂಢಿಯಿಂದ ಬಂದವು. ಹೆರುವ ತಾಯಿಯ ಪಕ್ಕದಲ್ಲಿ ಅವಳಿಗೆ ಬೇಕಾದವರೊಬ್ಬರು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದರೂ, ಅಮ್ಮನನ್ನೋ ಗಂಡನನ್ನೋ ಬಾಗಿಲ ಹೊರಗೇ ನಿಲ್ಲಿಸುವ ಹೆರಿಗೆ ಕೋಣೆಗಳು ಇನ್ನೂ ಇವೆ. ಅಂಥ ಬಾಗಿಲ ಮುಂದೆ ನಿಂತಾಗ ನಾವು ಎರಡು ಪ್ರಶ್ನೆ ಕೇಳೋಣ. ಈ ನಿಯಮ ಯಾರನ್ನು ಕಾಪಾಡುತ್ತಿದೆ? ಇದರ ಬೆಲೆ ಯಾರು ತೆರುತ್ತಿದ್ದಾರೆ? ಉತ್ತರ ಸಿಕ್ಕಿದ ಮೇಲೆ, ಬಾಗಿಲು ತಟ್ಟಲು ಹಿಂಜರಿಯದಿರೋಣ.