ಸಮುದ್ರವಿಲ್ಲದ ಊರಿನ ಘಟ್ಟ: ಆನೆಗುಂದಿಯಲ್ಲಿ ಒಂದು ದಿನ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯವರು ಕಡಲು, ಬಂದರು, ಕೋಟೆ ಮೂರನ್ನೂ ಒಂದೇ ದಿನ ನೋಡಬೇಕಂದ್ರೆ ರಾತ್ರಿ ಬಸ್ ಹತ್ತಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಬೇಕು. ನಾನು ಈ ಸಲ ಅಷ್ಟು ದೂರ ಹೋಗಲಿಲ್ಲ. ಗಂಗಾವತಿಯಿಂದ ಬೈಕ್ ತಗೊಂಡು ಆನೆಗುಂದಿಗೆ ಹೋದೆ. ಅಲ್ಲಿ ಕಡಲಿಲ್ಲ, ತುಂಗಭದ್ರೆ ಇದ್ದಾಳೆ. ದಂಡೆಯುದ್ದಕ್ಕೂ ಗುಂಡುಕಲ್ಲು, ಅದರಾಚೆ ಭತ್ತದ ಗದ್ದೆ, ಬಾಳೆತೋಟ. ಕೋಟೆಯ ಗೋಡೆ ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಹಾಸಿದ ಹಾಗಿದೆ. ಎಲ್ಲಿ ಬೆಟ್ಟ ಮುಗೀತು, ಎಲ್ಲಿ ಗೋಡೆ ಶುರುವಾಯ್ತು ಅಂತ ತಕ್ಷಣ ಗೊತ್ತಾಗಲ್ಲ.

ಹಂಪಿ ನೋಡಿ ಟೈಮ್ ಉಳಿದರೆ ಆನೆಗುಂದಿ ಅನ್ನೋದು ನಮ್ಮ ರೂಢಿ. ಆದರೆ ಇತಿಹಾಸ ಉಲ್ಟಾ ಇದೆ. ಮೊದಲು ಇದ್ದದ್ದು ಈ ದಂಡೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹೊತ್ತಿಗೇ ಇದು ಹಳೆ ರಾಜಧಾನಿ, ಜನ ಕಡಿಮೆಯಾದ ಊರು. ಗೋವಾ, ಭಟ್ಕಳದ ಬಂದರುಗಳಲ್ಲಿ ಇಳಿದ ಕುದುರೆಗಳಿಗೆ ವಿಜಯನಗರದಲ್ಲಿ ಭಾರೀ ಬೇಡಿಕೆ ಇದ್ದ ಕಾಲ ಅದು. ಇಲ್ಲಿ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂಥ ದುಂಡನೆ ದೋಣಿಗಳನ್ನು ಪಾಯೆಸ್ ವಿವರಿಸ್ತಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸ್ತಾರೆ, ನೇರ ಹೋಗದೆ ಸುತ್ತುತ್ತಲೇ ಇರ್ತವೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದಿತ್ತಂತೆ, ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವು. ನಮ್ಮ ಹರಿಗೋಲೇ ಅದು! ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು.

ಹಾಗಾದ್ರೆ ಸೇತುವೆ ಕಟ್ಟಲಿಲ್ವಾ ಅಂತ ಕೇಳ್ತೀರಿ. ಕಟ್ಟಿದ್ರು. ವಿಠ್ಠಲ ದೇಗುಲದ ಕಡೆ ಹೊಳೆಯಲ್ಲಿ ಹಳೆ ಸೇತುವೆಯ ಕಲ್ಲುಕಂಬಗಳು ಇವತ್ತಿಗೂ ನಿಂತಿವೆ.

ಇನ್ನೊಂದು ಸೇತುವೆಯ ಕಥೆ ನಮ್ಮ ಕಾಲದ್ದು. ಆನೆಗುಂದಿ ಮತ್ತು ಆಚೆ ದಡದ ತಳವಾರಘಟ್ಟದ ನಡುವೆ ಅದರ ಕೆಲಸ ಶುರುವಾಗಿತ್ತು. ಹಂಪಿ 1986ರಲ್ಲೇ ವಿಶ್ವ ಪರಂಪರೆ ತಾಣವಾಗಿತ್ತು. ಇಲ್ಲಿ ಸೇತುವೆ ಬಂದರೆ ಭಾರೀ ವಾಹನ ನುಗ್ಗಿ ಸ್ಮಾರಕಕ್ಕೆ ಧಕ್ಕೆ ಅಂತ ತಕರಾರು ಬಂತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸ್ತು, 2006ರಲ್ಲಿ ತೆಗೀತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದುಬಿತ್ತು. ಕೆಲಸಕ್ಕಿದ್ದ ಕೂಲಿಕಾರ್ಮಿಕರು ಸತ್ತರು. ನಿಜ ಹೇಳ್ತೀನಿ, ಹಂಪಿಯ ವಿಡಿಯೊ ನೂರು ನೋಡಿದ್ದೀನಿ, ಈ ಸಾವಿನ ಮಾತು ಒಂದರಲ್ಲೂ ಕೇಳಿಲ್ಲ. ಕಲ್ಲು ಉಳಿಸೋದು ಸರಿ, ಆದರೆ ಹೊಳೆಯಾಚೆ ಆಸ್ಪತ್ರೆಗೆ, ಸಂತೆಗೆ ಹೋಗಬೇಕಾದವರ ಮಾತನ್ನೂ ಕೇಳಬೇಕಿತ್ತಲ್ವಾ? ಆಮೇಲೆ ಕಡೆಬಾಗಿಲು ಹತ್ತಿರ ಬೇರೆ ಸೇತುವೆ ಬಂತು. ಹಂಪಿಗೆ ಅಡ್ಡದಾರಿ ಮಾತ್ರ ಈಗಲೂ ದೋಣಿಯೇ.

ನಾನೂ ದೋಣಿಯಲ್ಲೇ ದಾಟಿದೆ. ಇಳಿಯುವಾಗ ದೋಣಿಯಾತ ಕೂಗಿ ಹೇಳಿದ: "ಕತ್ತಲಾಗೂಕಿಂತ ಮುಂಚೆ ಬಾ ತಮ್ಮಾ, ಇಲ್ಲಾಂದ್ರ ಸುತ್ತಿ ಹೋಗಬೇಕಾಗ್ತದ. ಡ್ಯಾಮಿನಿಂದ ನೀರು ಬಿಟ್ರಂತೂ ಹಗಲಲ್ಲೂ ನಾವು ದೋಣಿ ಬಿಡಂಗಿಲ್ಲ."